ಎಳೆದು ತಿನ್ನುವ ಬ್ರೆಡ್‌ಗೆ ಹಾಸನದ ಆಲೂಗಡ್ಡೆ

ಪುಲ್-ಅಪಾರ್ಟ್ ಬ್ರೆಡ್ ನೋಡಿರುತ್ತೀರಿ. ಹಿಟ್ಟಿನ ಸಣ್ಣ ಸಣ್ಣ ಉಂಡೆಗಳನ್ನು ಒಂದೇ ಟಿನ್ನಿನಲ್ಲಿ ಪಕ್ಕ ಪಕ್ಕ ಕೂರಿಸಿ ಬೇಯಿಸುತ್ತಾರೆ. ಅವು ಉಬ್ಬಿ, ಅಂಟಿಕೊಂಡು ಒಂದೇ ಬ್ರೆಡ್ ಆಗುತ್ತವೆ. ಚಾಕು ಬೇಡ, ಕೈಯಲ್ಲೇ ಕಿತ್ತು ತಿನ್ನುವುದು. ಒಳಗೆ ಚೀಸ್ ಇದ್ದರೆ ಕೀಳುವಾಗ ಎಳೆ ಎಳೆಯಾಗಿ ಬರುತ್ತದೆ. ಆ ಎಳೆಯ ವಿಡಿಯೋಗಳನ್ನು ನೋಡಿ ನೋಡಿಯೇ ನನ್ನ ಗೆಳತಿಯ ಮಗಳು ಹಟ ಹಿಡಿದಿದ್ದಳು. ಅಂಗಡಿಯ ಗಾರ್ಲಿಕ್ ಬ್ರೆಡ್ ಅವಳಿಗೆ ಬೇಡವಂತೆ. "ಅದ್ರಲ್ಲಿ ಎಳೆ ಬರಲ್ಲ ಆಂಟಿ" ಅಂದಳು.

ಗೆಳತಿಯ ಮನೆ ಹಾಸನದಲ್ಲಿ ಸಾಲಗಾಮೆ ರಸ್ತೆಯ ಕಡೆ. ನನಗೆ ಬ್ರೆಡ್ ಮಾಡಿ ಅಭ್ಯಾಸ. ಅವಳಿಗೆ ಒಬ್ಬಟ್ಟು ಮಾಡಿ ಅಭ್ಯಾಸ. ಅವಳ ಒಬ್ಬಟ್ಟಿನಲ್ಲಿ ಹೂರಣ ಹೊರಗೆ ಇಣುಕಿದ್ದನ್ನು ನಾನು ನೋಡಿಲ್ಲ. ರಾತ್ರಿ ಊಟಕ್ಕೆ ಇದನ್ನೇ ಮಾಡಿಬಿಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಶ್ರಾವಣ ಅಂತ ಅವಳ ಅತ್ತೆ ಮನೆಯೊಳಗೆ ಮೊಟ್ಟೆ ತರಲು ಬಿಡುವುದಿಲ್ಲ. ಅದೇನೂ ತೊಂದರೆ ಆಗಲಿಲ್ಲ. ಈ ಬ್ರೆಡ್‌ಗೆ ಮೊಟ್ಟೆ ಬೇಕೇ ಬೇಕು ಅಂತಿಲ್ಲ, ಹಾಲು ಬೆಣ್ಣೆ ಸಾಕು.

ಹಾಗೆ ನೋಡಿದರೆ ಮೊಟ್ಟೆ ಹಾಕದ ಬ್ರೆಡ್ಡು ಬನ್ನು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಯ್ಯಂಗಾರ್ ಬೇಕರಿಗಳ ಮೂಲವೇ ಹಾಸನ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯವರು. ಆಮೇಲೆ ಊರೂರಿಗೆ ಹೋಗಿ ಬೇಕರಿ ಇಟ್ಟವರಲ್ಲೂ ಈ ಜಿಲ್ಲೆಯವರೇ ಜಾಸ್ತಿ. ಪಲ್ಯ ತುಂಬಿದ ಬನ್ನು, ಖಾರಾ ಬನ್ನು ತಿಂದುಕೊಂಡೇ ನಾವೆಲ್ಲ ಶಾಲೆಗೆ ಹೋಗಿದ್ದು. ಹೀಗಿರುವಾಗ ಬ್ರೆಡ್‌ನೊಳಗೆ ಏನು ತುಂಬುವುದು ಅಂತ ತಲೆ ಕೆಡಿಸಿಕೊಳ್ಳುವುದೇನಿದೆ? ಆಲೂಗಡ್ಡೆ ಪಲ್ಯ. ಅದರ ಮಧ್ಯೆ ಚೀಸ್.

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹೊಸ ಆಲೂಗಡ್ಡೆ ಬಂದಿತ್ತು. ಇಲ್ಲಿನ ರೈತರು ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಮುಂಗಾರಿನ ಹೊತ್ತಿಗೆ ನೆಡುತ್ತಾರೆ. ಅಂಗಮಾರಿ ರೋಗದಿಂದ ಉಳಿದರೆ ಆಗಸ್ಟ್, ಸೆಪ್ಟೆಂಬರಿಗೆಲ್ಲ ಗಡ್ಡೆ ಕೈಗೆ ಬರುತ್ತದೆ. ಮಣ್ಣು ಮೆತ್ತಿಕೊಂಡೇ ಇರುತ್ತದೆ, ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಸಾರಿಗೆ, ಹುಳಿಗೆ ಇದಕ್ಕಿಂತ ಒಳ್ಳೆಯ ಗಡ್ಡೆ ಇಲ್ಲ. ಆದರೆ ಬ್ರೆಡ್‌ನೊಳಗೆ ತುಂಬಲು ನನಗೆ ಸ್ವಲ್ಪ ಭಯ ಇತ್ತು. ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ. ಪಲ್ಯದಲ್ಲಿ ಹಸಿ ಉಳಿದರೆ ಒಲೆಯೊಳಗೆ ಅದೆಲ್ಲ ಆವಿಯಾಗಿ ಹಿಟ್ಟಿನ ಹೊಲಿಗೆ ಬಿಚ್ಚುತ್ತದೆ, ಇಲ್ಲವೇ ಉಂಡೆಯ ತಳ ಬೇಯದೆ ಮುದ್ದೆಯಾಗಿ ಕೂರುತ್ತದೆ. ಗೆಳತಿಗೆ ಹೇಳಿದೆ. "ಹೊಸ ಗಡ್ಡೆ ಬಿಟ್ಟು ಕೋಲ್ಡ್ ಸ್ಟೋರೇಜ್ ಗಡ್ಡೆ ತಗೋತಾರೇನೇ ಯಾರಾದ್ರೂ?" ಅಂತ ಬುಟ್ಟಿಗೆ ಸುರಿಸಿಕೊಂಡಳು. ಹಾಸನದವಳ ಹತ್ತಿರ ಈ ವಿಷಯದಲ್ಲಿ ವಾದ ಮಾಡಬಾರದು.

ಈಸ್ಟ್ ತರಲು ಅವಳಿಗೆ ಪರಿಚಯದ ಬೇಕರಿಗೆ ಹೋದೆವು. ನಾನು ಮನೆಯಲ್ಲಿ ಬಳಸುವುದು ಒಣ ಈಸ್ಟ್, ಸಾಸಿವೆ ಥರ ಸಣ್ಣ ಕಾಳು. ಅವರ ಹತ್ತಿರ ಇದ್ದದ್ದು ಹಸಿ ಈಸ್ಟ್. ಬೂದು ಬಣ್ಣ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಹುಳಿ ಹಿಟ್ಟಿನ ವಾಸನೆ. ಫ್ರಿಜ್‌ನಿಂದ ತೆಗೆದು ಒಂದು ತುಂಡು ಮುರಿದು ಪೇಪರಿನಲ್ಲಿ ಸುತ್ತಿ ಕೊಟ್ಟರು. ಒಣ ಈಸ್ಟ್ 7 ಗ್ರಾಂ ಹಾಕುವ ಕಡೆ ಇದು ಸುಮಾರು 20 ಗ್ರಾಂ ಬೇಕು. "ಈ ಥಂಡಿಗೆ ನಾವೇ ಸ್ವಲ್ಪ ಜಾಸ್ತಿ ಹಾಕ್ತೀವಮ್ಮ. ಗಂಟೆ ನೋಡ್ಕೊಂಡು ಕೂರ್ಬೇಡಿ, ಹಿಟ್ಟು ನೋಡಿ" ಅಂದರು ಯಜಮಾನರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಹಾಗೇ ಬರಲು ಮನಸ್ಸಾಗದೆ ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡೆವು.

ಚೀಸ್ ಬಗ್ಗೆ ಮಾತ್ರ ನಾನು ಹೇಳಿದ್ದೇ ನಡೆಯಿತು. ಎಳೆ ಬರಬೇಕಾದರೆ ಮೊಝರೆಲ್ಲಾ ಬೇಕು. ಅದನ್ನು ಮಾಡುವಾಗಲೇ ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ಎಳೆದು ಮಡಚಿ, ಎಳೆದು ಮಡಚಿ ಹದ ಮಾಡಿರುತ್ತಾರೆ. ಅದರ ಪ್ರೋಟೀನು ಒಂದೇ ದಿಕ್ಕಿಗೆ ನಾರಿನ ಹಾಗೆ ಕೂತಿರುತ್ತದೆ. ಅದಕ್ಕೇ ಮತ್ತೆ ಬಿಸಿ ಮಾಡಿದಾಗ ಎಳೆ ಬಿಡುತ್ತದೆ. ಸ್ಯಾಂಡ್‌ವಿಚ್‌ಗೆ ಹಾಕುವ ಕ್ಯೂಬ್ ಚೀಸ್ ಬೇರೆ ಜಾತಿ. ಅದಕ್ಕೆ ಬೆರೆಸುವ ಲವಣದಿಂದ ಕೊಬ್ಬು, ನೀರು ಬೇರೆಯಾಗದೆ ನುಣ್ಣಗೆ ಕರಗುತ್ತದೆ, ಆದರೆ ಎಳೆ ಇರಲ್ಲ. ರುಚಿ ನೋಡಿದರೆ ತಿರುಗುಮುರುಗು. ಮೊಝರೆಲ್ಲಾ ಸಪ್ಪೆ, ಕ್ಯೂಬಿನಲ್ಲಿ ಉಪ್ಪು ಹುಳಿ ಚೆನ್ನಾಗಿರುತ್ತದೆ. ಅದಕ್ಕೆ ನಾನು ಎರಡು ಪಾಲು ಮೊಝರೆಲ್ಲಾ, ಒಂದು ಪಾಲು ಕ್ಯೂಬ್ ಹಾಕುವುದು. ಇನ್ನೊಂದು ಮಾತು. ತುರಿದು ಪ್ಯಾಕ್ ಮಾಡಿದ ಚೀಸ್ ಬೇಡ, ಗಟ್ಟಿ ತುಂಡೇ ತಗೊಳ್ಳಿ. ತುರಿ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಪಿಷ್ಟ ಸವರಿರುತ್ತಾರೆ, ಕರಗುವುದು ಅಷ್ಟಕ್ಕಷ್ಟೆ. ತುಂಡನ್ನು ಚೌಕ ಚೌಕ ಹೆಚ್ಚಿ ಫ್ರೀಜರ್‌ನಲ್ಲಿಟ್ಟೆವು. ತಣ್ಣಗೆ ಗಟ್ಟಿಯಾಗಿದ್ದರೆ ಹೊರಗಿನ ಹಿಟ್ಟು ಬೆಂದು ಗಟ್ಟಿಯಾಗುವವರೆಗೂ ಚೀಸ್ ಒಳಗೇ ಇರುತ್ತದೆ.

ಅತ್ತೆ ಪ್ಯಾಕೆಟ್ಟು ತಿರುಗಿಸಿ ನೋಡಿದರು. ಚೀಸ್ ಮಾಡಲು ಕರುವಿನ ಹೊಟ್ಟೆಯದು ಏನೋ ಹಾಕ್ತಾರಂತೆ ಅಂತ ಅವರಿಗೆ ಯಾರೋ ಹೇಳಿದ್ದರು. ಹಿಂದೆಲ್ಲ ಹಾಕುತ್ತಿದ್ದದ್ದು ನಿಜ, ಇದರಲ್ಲಿರುವುದು ಸೂಕ್ಷ್ಮಜೀವಿಯಿಂದ ತಯಾರಿಸಿದ್ದು ಅಂತ ಪ್ಯಾಕೆಟ್ ಮೇಲಿದ್ದ ಸಾಲನ್ನೂ ಹಸಿರು ಚುಕ್ಕೆಯನ್ನೂ ತೋರಿಸಿದೆ. "ಸರಿ ಬಿಡವ್ವ, ಹಸಿರು ಇದೆಯಲ್ಲ" ಅಂದು ಬೆಳ್ಳುಳ್ಳಿ ಬಿಡಿಸಲು ಕೂತರು.

ಈಗ ಹಿಟ್ಟು. ಮೈದಾ 400 ಗ್ರಾಂ. ಉಗುರು ಬೆಚ್ಚಗಿನ ಹಾಲು ಹೆಚ್ಚುಕಡಿಮೆ 250 ಮಿಲಿ. ಒಂದು ದೊಡ್ಡ ಚಮಚ ಸಕ್ಕರೆ, ಒಂದೂಕಾಲು ಟೀ ಚಮಚ ಉಪ್ಪು, 40 ಗ್ರಾಂ ಬೆಣ್ಣೆ. ಹಾಲಿಗೆ ಬೆರಳು ಅದ್ದಿದರೆ ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಜಾಸ್ತಿ ಬಿಸಿಯಾದರೆ ಈಸ್ಟ್ ಸತ್ತುಹೋಗುತ್ತದೆ, ಆಮೇಲೆ ಏನು ಮಾಡಿದರೂ ಹಿಟ್ಟು ಏಳುವುದಿಲ್ಲ. ಹಾಲಿಗೆ ಸಕ್ಕರೆ, ಈಸ್ಟ್ ಕದಡಿ ಹತ್ತು ನಿಮಿಷ ಬಿಟ್ಟೆವು. ಮೇಲೆ ನೊರೆ ಕಟ್ಟಿತು. ಅಂದರೆ ಜೀವ ಇದೆ. ಉಪ್ಪನ್ನು ಮೈದಾಗೆ ಬೆರೆಸಿದೆ, ಈಸ್ಟ್ ಮೇಲೆ ನೇರ ಸುರಿಯಲಿಲ್ಲ.

ಕಲಸಿದ ತಕ್ಷಣ ಹಿಟ್ಟು ಕೈಗೆಲ್ಲ ಅಂಟುತ್ತದೆ. ಇಲ್ಲೇ ಗೆಳತಿಗೂ ನನಗೂ ಜಗಳ ಶುರುವಾಗಿದ್ದು. ಅವಳು ಮೈದಾ ಡಬ್ಬಿಗೆ ಕೈ ಹಾಕಿದಳು, ನಾನು ಡಬ್ಬಿ ಎತ್ತಿಟ್ಟೆ. ಚಪಾತಿ ಹಿಟ್ಟಿನ ಹದಕ್ಕೆ ಗಟ್ಟಿ ಮಾಡಿಬಿಟ್ಟರೆ ಬ್ರೆಡ್ಡು ಇಟ್ಟಿಗೆ ಆಗುತ್ತದೆ. ಅಂಟಲಿ ಬಿಡು, ನಾದು ಅಂದೆ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತುವುದು, ಮಡಚುವುದು, ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತುವುದು. ಐದಾರು ನಿಮಿಷಕ್ಕೆ ಅಂಟು ಕಡಿಮೆಯಾಗುತ್ತದೆ. ಹಿಟ್ಟಿನೊಳಗೆ ಪ್ರೋಟೀನಿನ ಜಾಲ ಕಟ್ಟಿಕೊಳ್ಳುವ ಹೊತ್ತು ಅದು. ಬೆಣ್ಣೆ ಹಾಕಬೇಕಾದ್ದು ಆಮೇಲೆ. ಮೊದಲೇ ಹಾಕಿದರೆ ಜಿಡ್ಡು ಹಿಟ್ಟಿನ ಕಣಕ್ಕೆಲ್ಲ ಸವರಿಕೊಂಡು ಜಾಲ ಕಟ್ಟುವುದು ತಡವಾಗುತ್ತದೆ. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಹರಿದು ಹರಿದು ಬಂದು, ಎಲ್ಲ ಕೆಟ್ಟಿತು ಅನ್ನಿಸುತ್ತದೆ. ಸುಮ್ನೆ ನಾದುತ್ತಾ ಹೋಗಬೇಕು. ಇನ್ನೊಂದು ಏಳೆಂಟು ನಿಮಿಷಕ್ಕೆ ಅದು ಬೆಣ್ಣೆ ಹೀರಿಕೊಂಡು ನುಣ್ಣಗಾಗುತ್ತದೆ. ಒಂದು ಚೂರು ಕಿತ್ತು ಎರಡೂ ಕೈಯ ಬೆರಳಲ್ಲಿ ಮೆಲ್ಲಗೆ ಹಿಗ್ಗಿಸಿ ಟ್ಯೂಬ್‌ಲೈಟ್ ಕಡೆ ಹಿಡಿದೆ. ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಯಿತು. ಗೆಳತಿ ತಾನೂ ಒಂದು ಚೂರು ಹಿಗ್ಗಿಸಿ ನೋಡಿ, "ಇದು ಒಬ್ಬಟ್ಟಿನ ಕಣಕ ಕಣೇ! ಎಣ್ಣೆ ಒಂದು ಕಮ್ಮಿ ಅಷ್ಟೆ" ಅಂದಳು. ಅಲ್ಲಿಂದಾಚೆಗೆ ಮೈದಾ ಡಬ್ಬಿಯ ತಂಟೆಗೆ ಬರಲಿಲ್ಲ.

ಹಿಟ್ಟು ಏಳಲು ಒಂದು ಗಂಟೆ ಅಂತ ಎಲ್ಲ ರೆಸಿಪಿಯಲ್ಲೂ ಬರೆದಿರುತ್ತದೆ. ಅದು ಬೆಚ್ಚಗಿನ ಊರಿನ ಲೆಕ್ಕ. ಹಾಸನ ಇರುವುದೇ 900 ಮೀಟರಿಗಿಂತ ಎತ್ತರದಲ್ಲಿ, ಜೊತೆಗೆ ಬೆಳಿಗ್ಗೆಯಿಂದ ಬಿಡದೆ ಹಿಡಿದ ಸೋನೆ. ಅಡುಗೆಮನೆಯ ನೆಲ ಕಾಲಿಗೆ ತಣ್ಣಗೆ ಕೊರೆಯುತ್ತಿತ್ತು. ಎಣ್ಣೆ ಸವರಿದ ಪಾತ್ರೆಯಲ್ಲಿ ಹಿಟ್ಟು ಹಾಕಿ, ತಟ್ಟೆ ಮುಚ್ಚಿ, ಆರಿಸಿದ ಓಟಿಜಿ (ಕರೆಂಟಿನ ಸಣ್ಣ ಓವನ್) ಒಳಗೆ ಇಟ್ಟೆವು. ಪಕ್ಕದಲ್ಲಿ ಒಂದು ಲೋಟ ಕುದಿಯುವ ನೀರು. ಬಾಗಿಲು ಹಾಕಿದರೆ ಒಳಗೆ ಅದರದೇ ಬೆಚ್ಚನೆ ಹವೆ. ಅಷ್ಟಾದರೂ ದುಪ್ಪಟ್ಟಾಗಲು ಒಂದೂವರೆ ಗಂಟೆ ಹಿಡಿಯಿತು. ಬೆರಳಿಗೆ ಮೈದಾ ಹಚ್ಚಿ ಚುಚ್ಚಿ ನೋಡಬೇಕು. ಗುಳಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು ಅಂತ ಅರ್ಥ. ನಿಧಾನವಾಗಿ ಅರ್ಧ ಮುಚ್ಚಿದರೆ ಸಾಕು.

ಆ ಹೊತ್ತಿನಲ್ಲಿ ಪಲ್ಯ ಆಯಿತು. ಗಡ್ಡೆಯನ್ನು ಹೆಚ್ಚದೆ, ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದೆವು, ನೀರು ಕುಡಿಯುವುದು ಕಡಿಮೆ ಆಗಲಿ ಅಂತ. ಬಿಸಿ ಇರುವಾಗಲೇ ಸುಲಿದು ಪುಡಿ ಮಾಡಿ ಅಗಲ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗಿಟ್ಟೆವು. ಈರುಳ್ಳಿ, ಹಸಿಮೆಣಸು, ಶುಂಠಿ ಹುರಿದು ಗಡ್ಡೆ ಸೇರಿಸಿ, ಪಲ್ಯ ಬಾಣಲೆ ಬಿಡುವವರೆಗೂ ಬಾಡಿಸಿದೆವು. ಉಪ್ಪು ಕಡಿಮೆ, ಚೀಸ್‌ನಲ್ಲೇ ಇರುತ್ತಲ್ವಾ. ಕೊನೆಗೆ ಗೆಳತಿಯ ತವರಿನ ಕಾಳುಮೆಣಸು. ಅವಳ ತವರು ಸಕಲೇಶಪುರದ ಹತ್ತಿರ, ಕಾಫಿ ಗಿಡದ ನೆರಳಿನ ಮರಗಳಿಗೆ ಹಬ್ಬಿದ ಬಳ್ಳಿಯದು. ಕುಟ್ಟಿದ ತಕ್ಷಣ ಮೂಗಿಗೆ ಹೊಡೆಯಿತು. ಪಲ್ಯ ಪೂರ್ತಿ ಆರಲೇಬೇಕು. ಬಿಸಿ ಪಲ್ಯ ತುಂಬಿದರೆ ಹಿಟ್ಟಿನೊಳಗಿನ ಬೆಣ್ಣೆ ಕರಗಿ ಉಂಡೆ ಜೋಲುತ್ತದೆ.

ಎದ್ದ ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು 16 ಭಾಗ ಮಾಡಿದೆವು. ಒಂದೊಂದು 45 ಗ್ರಾಂ ಆಸುಪಾಸು. ತಕ್ಕಡಿ ನೋಡಿ ಗೆಳತಿ ನಕ್ಕಳು. ಆದರೆ ಉಂಡೆಗಳು ಒಂದೇ ಗಾತ್ರ ಇಲ್ಲದಿದ್ದರೆ ಸಣ್ಣದು ಒಣಗಿ ದೊಡ್ಡದು ಹಸಿ ಉಳಿಯುತ್ತದೆ, ಅದಕ್ಕೆ ತೂಕ.

ತುಂಬುವ ಕೆಲಸ ಅವಳದೇ. ಅಂಗೈ ಮೇಲೆ ಉಂಡೆ ಇಟ್ಟು ಬೆರಳ ತುದಿಯಿಂದ ಅಂಚನ್ನು ಮಾತ್ರ ತಟ್ಟುತ್ತಾಳೆ. ನಡುವೆ ದಪ್ಪ ಹಾಗೇ ಇರುತ್ತದೆ. ಚೀಸ್ ಚೂರುಗಳ ಸುತ್ತ ಪಲ್ಯ ಮೆತ್ತಿದ ಗೋಲಿಯನ್ನು ಅದರ ಮೇಲಿಟ್ಟು, ಹೆಬ್ಬೆರಳಲ್ಲಿ ಅದನ್ನು ಕೆಳಗೆ ಅದುಮಿಕೊಂಡೇ ಉಳಿದ ಬೆರಳಲ್ಲಿ ಅಂಚನ್ನು ಸುತ್ತ ಮೇಲಕ್ಕೆ ಎಳೆಯುತ್ತಾಳೆ. ಕೈ ತಿರುಗುತ್ತಲೇ ಇರುತ್ತದೆ. ಬಾಯಿ ಚಿಕ್ಕದಾಗುತ್ತಾ ಬಂದು ಕೊನೆಗೆ ಒಂದು ಚುಟುಕು. ಅದನ್ನು ತಿರುಚಿ ಒಳಗೆ ಒತ್ತಿ, ಉಂಡೆ ತಲೆಕೆಳಗು ಮಾಡಿ ಟಿನ್ನಿಗೆ. ಒಬ್ಬಟ್ಟಿನಲ್ಲಾದರೆ ಆ ಚುಟುಕನ್ನು ಕಿತ್ತು ತೆಗೆಯುತ್ತಾರೆ. ಇಲ್ಲಿ ಕೀಳುವಂತಿಲ್ಲ, ಕೆಳಗೆ ದಪ್ಪ ಇದ್ದಷ್ಟೂ ಚೀಸ್ ಸೋರುವುದಿಲ್ಲ. ಅಂಚಿಗೆ ಪಲ್ಯದ ಜಿಡ್ಡು ತಾಗಬಾರದು, ತಾಗಿದರೆ ಬಾಯಿ ಕೂಡಿಕೊಳ್ಳುವುದೇ ಇಲ್ಲ. ಇದನ್ನು ನಾನು ಹೇಳುವ ಮೊದಲೇ ಅವಳು ಪ್ರತಿ ಉಂಡೆಗೂ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

9 ಇಂಚಿನ ದುಂಡು ಕೇಕ್ ಟಿನ್ನು. ನಡುವೆ ಒಂದು, ಅದರ ಸುತ್ತ ಐದು, ಹೊರಗೆ ಹತ್ತು. ಮಧ್ಯೆ ಮಧ್ಯೆ ಸ್ವಲ್ಪ ಜಾಗ ಬಿಟ್ಟೆವು. ಮೊದಲೇ ಒತ್ತಿ ಕೂರಿಸಿದರೆ ಉಬ್ಬಲು ಅಗಲವಿಲ್ಲದೆ ಮೇಲಕ್ಕೆ ನುಗ್ಗಿ ಬಾಯಿ ಬಿಡುತ್ತವೆ. ಬಟ್ಟೆ ಮುಚ್ಚಿ ಎರಡನೇ ಸಲ ಉಬ್ಬಲು ಬಿಟ್ಟೆವು. ಸುಮಾರು ಮುಕ್ಕಾಲು ಗಂಟೆಗೆ ಉಂಡೆಗಳು ಒಂದನ್ನೊಂದು ಮುಟ್ಟಿದವು.

ಓಟಿಜಿ ಹಾಕಬೇಕು ಅನ್ನುವಾಗ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಇದು ಹೊಸದಲ್ಲ. ಯುಪಿಎಸ್‌ನಲ್ಲಿ ದೀಪ, ಫ್ಯಾನು ನಡೆಯುತ್ತದೆ, ಓಟಿಜಿ ಎಳೆಯುವಷ್ಟು ಕರೆಂಟು ಅದಕ್ಕೆ ಎಲ್ಲಿಂದ ಬರಬೇಕು? ಮಗಳ ಮುಖ ಸಣ್ಣಗಾಯಿತು. "ಕುಕ್ಕರಿಗೆ ಉಪ್ಪು ಹಾಕಿ ಕೇಕ್ ಬೇಯಿಸ್ತಾರಲ್ಲ, ಹಾಗೆ ಮಾಡ್ರೇ" ಅಂದರು ಅತ್ತೆ. ಮಾಡಬಹುದು, ಬೇಯುತ್ತದೆ ಕೂಡ. ಆದರೆ ಶಾಖ ಕೆಳಗಿನಿಂದ ಮಾತ್ರ, ಮೇಲೆ ಬಣ್ಣ ಬರಲ್ಲ. ಅದಕ್ಕಿಂತ ಕಾಯುವುದೇ ವಾಸಿ. ಆದರೆ ಹಾಗೇ ಬಿಟ್ಟರೆ ಹಿಟ್ಟು ಅಳತೆ ಮೀರಿ ಉಬ್ಬಿ, ಒಲೆಗೆ ಇಟ್ಟಾಗ ಕುಸಿಯುತ್ತದೆ. ಟಿನ್ನಿಗೆ ತಟ್ಟೆ ಮುಚ್ಚಿ ಫ್ರಿಜ್ಜಿನೊಳಗೆ ಇಟ್ಟೆ. ಕರೆಂಟ್ ಇಲ್ಲದಿದ್ದರೂ ಬಾಗಿಲು ಪದೇ ಪದೇ ತೆಗೆಯದಿದ್ದರೆ ಒಳಗೆ ತಂಪು ಇರುತ್ತದೆ. ತಂಪಿಗೆ ಈಸ್ಟ್ ಮಂಕಾಗುತ್ತದೆ, ಸಾಯುವುದಿಲ್ಲ. ನಾವು ಕಾಫಿ ಮಾಡಿಕೊಂಡು ದಿಲ್‌ಪಸಂದ್ ಬಿಚ್ಚಿದೆವು. ಅರ್ಧ ಗಂಟೆ ದಾಟಿದ ಮೇಲೆ ಕರೆಂಟ್ ಬಂತು. ಹೊರಗೆ ತೆಗೆದರೆ ಉಂಡೆಗಳು ಇದ್ದಲ್ಲೇ ಇದ್ದವು.

180 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿದೆವು. ಉಂಡೆಗಳ ಮೇಲೆ ಬರೀ ಹಾಲು ಸವರಿದೆ. ಬೆಳ್ಳುಳ್ಳಿ ಬೆಣ್ಣೆ ಈಗಲೇ ಹಚ್ಚುವವರಿದ್ದಾರೆ, ನನಗೆ ಸರಿ ಕಾಣಲ್ಲ. ಬೆಳ್ಳುಳ್ಳಿ ಸೀದು ಕಹಿಯಾಗುತ್ತದೆ. ಸಣ್ಣ ಓಟಿಜಿಯಲ್ಲಿ ಮೇಲಿನ ಕಂಬಿ ಬ್ರೆಡ್ಡಿಗೆ ತೀರಾ ಹತ್ತಿರ, ಆದ್ದರಿಂದ ಕೆಳಗಿನ ಅಂತಸ್ತಿನಲ್ಲಿಟ್ಟೆವು. ಹದಿನೈದು ನಿಮಿಷಕ್ಕೇ ಮೇಲೆ ಬಣ್ಣ ಬಂದುಬಿಟ್ಟಿತು, ಫಾಯಿಲ್ ಹೊದಿಸಿದೆ. ಕೇಕಿನ ಹಾಗೆ ಕಡ್ಡಿ ಚುಚ್ಚಿ ನೋಡುವಂತಿಲ್ಲ, ಚೀಸ್ ಅಂಟಿ ಬಂದು ಬೆಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಡುವಿನ ಉಂಡೆಯೇ ಕೊನೆಗೆ ಬೇಯುವುದು. ಅದರ ಪಕ್ಕದ ಸಂದು ಬಿಳಿ ಹಸಿಯಾಗಿ ಹೊಳೆಯುತ್ತಿದ್ದರೆ ಇನ್ನೂ ಬೇಕು, ಒಣಗಿದಂತೆ ಕಂಡರೆ ಆಯಿತು. ಚಳಿ ಹಿಡಿದ ಹಿಟ್ಟಾದ್ದರಿಂದ ನಮಗೆ 30 ನಿಮಿಷ ತಗುಲಿತು. ಅಷ್ಟರಲ್ಲಿ ಮಾವ ಎರಡು ಸಲ ಅಡುಗೆಮನೆಗೆ ಬಂದು "ಏನ್ರವ್ವಾ, ಬೇಕರಿ ವಾಸನೆ" ಅಂತ ಹೇಳಿ ಹೋಗಿದ್ದರು.

ಕರಗಿಸಿದ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ, ಹಸಿ ವಾಸನೆ ಹೋದ ಮೇಲೆ ಕೊತ್ತಂಬರಿ ಸೊಪ್ಪು ಸೇರಿಸಿ ಬಿಸಿ ಬ್ರೆಡ್ಡಿನ ಮೇಲೆ ಸುರಿದೆವು. ಸಂದುಗಳಿಗೆಲ್ಲ ಇಳಿಯಲಿ ಅಂತ ಚಮಚದ ಹಿಂಬದಿಯಿಂದ ಹರಡಿದೆ. ಬಟ್ಟಲಲ್ಲಿ ಒಂದು ಹನಿ ಉಳಿಯಲಿಲ್ಲ.

ಇಲ್ಲೊಂದು ತಾಳ್ಮೆಯ ಪರೀಕ್ಷೆ ಇದೆ. ತಕ್ಷಣ ಕಿತ್ತರೆ ಚೀಸ್ ನಾಲಿಗೆ ಸುಡುತ್ತದೆ, ಬ್ರೆಡ್ಡಿನ ಒಳಗು ಇನ್ನೂ ಹಸಿ ಹಸಿ. ಜಾಸ್ತಿ ಹೊತ್ತು ಬಿಟ್ಟರೆ ಚೀಸ್ ಬಿಗಿದುಕೊಂಡು ಎಳೆಯೇ ಬರಲ್ಲ. ಎಂಟು ಹತ್ತು ನಿಮಿಷ ಸರಿಯಾದ ಹೊತ್ತು. ಮಗಳು ಮೊಬೈಲ್ ಕ್ಯಾಮೆರಾ ತಮ್ಮನ ಕೈಗೆ ಕೊಟ್ಟು ಹೊರಸುತ್ತಿನ ಒಂದು ಉಂಡೆ ಹಿಡಿದು ಎಳೆದಳು. ಪಕ್ಕದ ಉಂಡೆಯ ಮೈಯಿಂದ ಬ್ರೆಡ್ಡು ಹತ್ತಿಯಂತೆ ಬಿಟ್ಟುಕೊಂಡಿತು. ಬಿಡಿಸಿದ ಉಂಡೆಯನ್ನು ಎರಡು ಹೋಳು ಮಾಡಿದಾಗ ಚೀಸ್ ಮೊಳದುದ್ದ ಎಳೆಯಾಗಿ ಬಂದು, ಜೋತು, ಅವಳ ಮೊಣಕೈಗೆ ಅಂಟಿತು. ತಮ್ಮ ರೆಕಾರ್ಡ್ ಬಟನ್ ಒತ್ತಿಯೇ ಇರಲಿಲ್ಲ. ಇನ್ನೊಂದು ಉಂಡೆ, ಇನ್ನೊಂದು ವಿಡಿಯೋ.

ಚೀಸ್ ಸೋರಿದ್ದು ಒಂದೇ ಒಂದು ಉಂಡೆಯಲ್ಲಿ. ಸೋರಿದ್ದು ಟಿನ್ನಿನ ತಳದಲ್ಲಿ ಕೆಂಪಗೆ ಗರಿಗರಿಯಾಗಿ ಹಿಡಿದುಕೊಂಡಿತ್ತು. ಅದನ್ನು ಕೆರೆದು ತಿನ್ನಲು ನಾನೂ ಗೆಳತಿಯೂ ಪೈಪೋಟಿ. ನನ್ನ ಕೇಳಿದರೆ ಇಡೀ ಬ್ರೆಡ್ಡಿನಲ್ಲಿ ಅದರಷ್ಟು ರುಚಿ ಬೇರೆ ಯಾವುದೂ ಇರಲಿಲ್ಲ. ಪಲ್ಯದಿಂದ ನೀರು ಬಿಟ್ಟಿರಲಿಲ್ಲ. ಹೊಸ ಗಡ್ಡೆಯ ವಿಷಯದಲ್ಲಿ ಅವಳು ಗೆದ್ದಳು ಅಂತಲೇ ಇಟ್ಟುಕೊಳ್ಳಿ.

ಜೊತೆಗೆ ಸೂಪ್ ಮಾಡೋಣ ಅಂತಿದ್ದೆ. ಅತ್ತೆ ಮಧ್ಯಾಹ್ನದ ಹುರುಳಿಕಾಳು ಬಸ್ಸಾರು ಇದೆ ಅಂದರು. ಮಕ್ಕಳು ಟೊಮೆಟೊ ಸಾಸ್ ಹಾಕಿಕೊಂಡರು. ಮಾವ ಬಟ್ಟಲಿಗೆ ಬಿಸಿ ಬಸ್ಸಾರು ಹುಯ್ದುಕೊಂಡು ಉಂಡೆಯನ್ನು ಮುರಿದು ಅದ್ದಿ ಅದ್ದಿ ತಿಂದರು. ನೋಡಿ ನಾವೂ ಹಾಗೇ ತಿಂದೆವು. ಹುರುಳಿ ಸಾರಿನ ಖಾರ, ಬೆಳ್ಳುಳ್ಳಿ ಬೆಣ್ಣೆ, ಒಳಗೆ ಚೀಸ್. ಕೇಳಲು ಹೇಗಿದೆಯೋ ಗೊತ್ತಿಲ್ಲ, ಸಾಸ್‌ಗಿಂತ ನೂರು ಪಾಲು ವಾಸಿ. "ಮುದ್ದೆ ಆಗಿದ್ರೆ ಎರಡಕ್ಕೆ ಸಾಕಾಗ್ತಿತ್ತು, ಇದು ನಾಲ್ಕು ಹೋದ್ರೂ ಗೊತ್ತಾಗಲ್ಲ" ಅಂದರು ಮಾವ. ಐದನೆಯದಕ್ಕೆ ಕೈ ಹಾಕುವಾಗ ಅತ್ತೆ ತಟ್ಟೆ ಎಳೆದುಕೊಂಡರು.

ಎರಡು ಉಂಡೆ ಉಳಿದವು, ಬೆಳಿಗ್ಗೆ ಮಕ್ಕಳ ಡಬ್ಬಿಗೆ ಹೋದವು. ತಣ್ಣಗಾದ ಮೇಲೆ ಚೀಸ್ ರಬ್ಬರಿನ ಹಾಗಾಗುತ್ತದೆ. ಮೈಕ್ರೋವೇವ್‌ಗಿಂತ ಹಂಚಿನ ಮೇಲಿಟ್ಟು, ಪಕ್ಕಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ತಳ ಗರಿಯಾಗಿ ಒಳಗೆ ಮತ್ತೆ ಮೆತ್ತಗಾಗುತ್ತದೆ.

ಹಸಿ ಈಸ್ಟ್ ಇನ್ನೂ ಅರ್ಧ ತುಂಡು ಫ್ರಿಜ್‌ನಲ್ಲಿದೆ. ಎರಡು ವಾರಕ್ಕಿಂತ ಜಾಸ್ತಿ ಅದು ತಡೆಯುವುದಿಲ್ಲ. ತವರಿನಿಂದ ಕಳಲೆ ಬರುತ್ತಿದೆ, ಈ ಸಲ ಅದನ್ನೇ ತುಂಬೋಣ ಅಂತ ಗೆಳತಿ ಫೋನ್ ಮಾಡಿದ್ದಳು. ಕಳಲೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿರುತ್ತಾರೆ. ಅದರ ನೀರು ಇಂಗಿಸಲು ಎಷ್ಟು ಹೊತ್ತು ಬಾಡಿಸಬೇಕೋ, ಚೀಸ್ ಜೊತೆ ಅದು ಹೊಂದುತ್ತದೋ ಇಲ್ಲವೋ. "ಪಲ್ಯ ನಿನ್ನ ಜವಾಬ್ದಾರಿ, ಹಿಟ್ಟು ನಂದು" ಅಂತ ಹೇಳಿ ಭಾನುವಾರಕ್ಕೆ ಹೂಂ ಅಂದಿದ್ದೇನೆ.